ಹಕ್ಕಿಗೆ ಕಾಲುಂಗುರ ತೊಡಿಸಿದವರು

ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ. ಅವರ ಮನೆಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಮೂಡುಬಿದಿರೆಯ ಹಳೆಯ ಜೈನ ಮನೆ ಅದು. ಆದರೆ ಅವರಿಗೆ ಬೇಕಾದ ಹಕ್ಕಿಗಳು ಕೆರೆಗೆ ಇಳಿಯುತ್ತಿದ್ದದ್ದು ಸರಿಯಾಗಿ ಸೂರ್ಯ ಮುಳುಗುವ ಹೊತ್ತಿಗೆ. ಹೀಗಾಗಿ ಆರು ವರ್ಷ, ಪ್ರತಿ ಮಾರ್ಚ್ ತಿಂಗಳಿಡೀ, ಆ ಮನುಷ್ಯ ರಾತ್ರಿ ಹಸಿದೇ ಮಲಗಿದರು.

"ಶಾಲೆ ಬಿಟ್ಟ ಕೂಡಲೇ ಮನೆಗೆ ಹೋಗಿ ಎರಡು ತುತ್ತು ತಿಂದು ಬರಬಾರದಾ ಮಾಸ್ಟ್ರೆ?" ಎಂದು ನಾನು ಒಮ್ಮೆ ಕೇಳಿದೆ.

"ಹೊಟ್ಟೆ ತುಂಬಿದವನ ಕೈ ಭಾರ ಟೀಚರ್. ಹಕ್ಕಿ ಹಿಡಿಯುವ ಕೈ ಹಗುರ ಇರಬೇಕು" ಅಂದರು. ನಿಜವಾದ ಕಾರಣ ಬೇರೆ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಐದೂಕಾಲಿಗೆ ಬಲೆ ಕಟ್ಟಿ ಮುಗಿದಿರಬೇಕಿತ್ತು. ಊಟಕ್ಕೆ ಟೈಮೇ ಇರಲಿಲ್ಲ. ಆದರೆ ಯಾವುದನ್ನೂ ಕಷ್ಟ ಎಂದು ಹೇಳಿಕೊಳ್ಳುವುದು ಅವರಿಗೆ ಗೊತ್ತಿರಲಿಲ್ಲ.

ಅವರು ತೀರಿಕೊಂಡು ಎರಡು ತಿಂಗಳಾದ ಮೇಲೆ ನನಗೆ ಸುದ್ದಿ ಸಿಕ್ಕಿತು. ಅವರ ತಂಗಿಯ ಮಗಳು ಬಂಟ್ವಾಳದ ನನ್ನ ಮನೆಗೆ ಯಾರದೋ ಮದುವೆಯ ಕಾಗದ ಕೊಡಲಿಕ್ಕೆ ಬಂದವಳು, ಕಾಫಿ ಕುಡಿದು ಲೋಟ ಕೆಳಗಿಡುತ್ತಾ, ಬೈ ದ ವೇ ಎನ್ನುವ ಹಾಗೆ, "ಮಾವ ಹೋದರಲ್ಲ ಟೀಚರ್, ನಿಮಗೆ ಗೊತ್ತಿರಬೇಕು" ಅಂದಳು. ಗೊತ್ತಿರಲಿಲ್ಲ. ಅವಳು ಹೋದ ಮೇಲೆ ನಾನು ತುಂಬ ಹೊತ್ತು ಆ ಲೋಟವನ್ನು ತೆಗೆಯದೆ ಕೂತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಕ್ಕಿಗಳ ಲೆಕ್ಕ ಬರೆದು ಮುಂಬಯಿಗೆ ಕಳಿಸುವ ಫಾರ್ಮಿನಲ್ಲಿ ಕೂಡ ಅವರು ಇನಿಶಿಯಲ್ ಮಾತ್ರ ಹಾಕಿಸುತ್ತಿದ್ದರು. "ಹಕ್ಕಿ ಹಾರಿದ್ದಕ್ಕೆ ನನ್ನ ಹೆಸರು ಯಾಕೆ?" ಎನ್ನುತ್ತಿದ್ದರು.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಟ್ರೇನಿಂಗ್ ಮುಗಿಸಿ, ಮೂಡುಬಿದಿರೆಯ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಸೇರಿದಾಗ ಅವರು ಅಲ್ಲಿ ಸೈನ್ಸ್ ಮಾಸ್ಟ್ರಾಗಿ ಹತ್ತು ವರ್ಷವಾಗಿತ್ತು. ನಲವತ್ತು ದಾಟಿದವರು, ಸಪೂರ ಆಳು, ಮುಚ್ಚುಕಾಲರಿನ ಕೋಟು, ಕೊಡೆಯ ಹಿಡಿಕೆಯನ್ನು ಕಾಲರಿನ ಹಿಂದೆ ಸಿಕ್ಕಿಸಿ ಬೆನ್ನ ಮೇಲೆ ಬಿಟ್ಟುಕೊಂಡು ನಡೆಯುವವರು. ಮುಖ ಸದಾ ಮೇಲಕ್ಕೆ. ರಸ್ತೆಯ ಕಲ್ಲುಗಳೆಲ್ಲ ಅವರ ಮೊಣಕಾಲಿಗೆ ಪರಿಚಯ. ಪಾಠ ಮಾಡುತ್ತಿರುವಾಗ ಹೊರಗೆ ಯಾವುದಾದರೂ ಹೊಸ ಹಕ್ಕಿ ಕೂಗಿದರೆ ಬೆರಳೆತ್ತಿ, "ಒಂದು ನಿಮಿಷ" ಎಂದು ನಿಂತುಬಿಡುತ್ತಿದ್ದರು. ನಲವತ್ತು ಮಕ್ಕಳೂ ಉಸಿರು ಹಿಡಿದು ಕೂರುತ್ತಿದ್ದವು. ಪಕ್ಕದ ಕ್ಲಾಸಿನಲ್ಲಿ ಗ್ರಾಮರ್ ಹೇಳಿಕೊಡುತ್ತಿದ್ದ ನನಗೆ ಅವರ ಧ್ವನಿ ಹಠಾತ್ತನೆ ನಿಂತದ್ದು ಗೊತ್ತಾಗಿ, ನಾನೂ ಯಾಕೋ ನಿಲ್ಲಿಸುತ್ತಿದ್ದೆ.

ಅವರು ನನ್ನೊಡನೆ ಮೊದಲು ಮಾತಾಡಿದ್ದೇ ಒಂದು ಲೆಟರ್ ಬರೆಸಲಿಕ್ಕೆ. ಮುಂಬಯಿಯಲ್ಲಿ ಹಕ್ಕಿಗಳ ವಿಷಯ ತಿಳಿದ ಒಂದು ಸಂಸ್ಥೆಯವರು ಹಕ್ಕಿಯ ಕಾಲಿಗೆ ಹಾಕುವ ಉಂಗುರ ಕೊಡುತ್ತಾರೆ ಎಂದು ಎಲ್ಲೋ ಓದಿದ್ದರಂತೆ. "ನನ್ನ ಇಂಗ್ಲಿಷು ಬೋರ್ಡಿನ ಮೇಲೆ ಸಾಕು ಟೀಚರ್, ಕಾಗದದ ಮೇಲೆ ಸಾಲದು" ಅಂದರು. ನಾನು ಕಾನ್ವೆಂಟಿನ ಓರೆ ಅಕ್ಷರದಲ್ಲಿ 'ಡಿಯರ್ ಸರ್' ಎಂದು ಶುರು ಮಾಡಿ ಎರಡು ಪುಟ ಬರೆದುಕೊಟ್ಟೆ. ಅವರು ಅದನ್ನು ಮೂರು ಸಲ ಓದಿ, "ಇಷ್ಟು ಚಂದ ಕೇಳಿದರೆ ಯಾರಾದರೂ ಇಲ್ಲ ಅಂತಾರಾ!" ಅಂದರು. ಆಗ ನನಗೆ ಇಪ್ಪತ್ಮೂರು ವರ್ಷ. ಆ ಮಾತನ್ನು ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಇನ್ನೊಮ್ಮೆ ಹೇಳಿಕೊಂಡದ್ದು ನೆನಪಿದೆ. ಹೋಗಲಿ.

ಮೂರು ತಿಂಗಳಿಗೆ ಪಾರ್ಸೆಲ್ ಬಂತು. ತಂತಿಗೆ ಪೋಣಿಸಿದ ಅಲ್ಯುಮಿನಿಯಮ್ಮಿನ ಉಂಗುರಗಳು, ಒಂದೊಂದೂ ಅಕ್ಕಿಕಾಳಿಗಿಂತ ಹಗುರ. ಪ್ರತಿಯೊಂದರ ಮೇಲೂ ಕಣ್ಣಿಗೆ ಕಷ್ಟವಾಗುವಷ್ಟು ಸಣ್ಣದಾಗಿ ಒಂದು ನಂಬರು, ಮುಂಬಯಿಯ ವಿಳಾಸ. ಆ ಹಕ್ಕಿ ಜಗತ್ತಿನ ಯಾವ ಮೂಲೆಯಲ್ಲಿ ಯಾರ ಕೈಗೆ ಸಿಕ್ಕಿದರೂ ಅವರು ಆ ನಂಬರನ್ನು ಬರೆದು ತಿಳಿಸಬೇಕು. ಆಗ ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ. ಅದರ ಜೊತೆ ಎರಡು ಬಲೆ, ಕೂದಲಿನಷ್ಟು ಸಪೂರ ನೂಲಿನವು, ಮಡಚಿದರೆ ಟಿಫಿನ್ ಡಬ್ಬಿಯೊಳಗೆ ಹಿಡಿಯುತ್ತಿದ್ದವು.

ಅವರಿಗೆ ಬೇಕಾದದ್ದು ಅಂಬರಗುಬ್ಬಿ, ನಾವು ಪುಸ್ತಕದಲ್ಲಿ ಓದಿದ ಸ್ವಾಲೋ. ಬೆನ್ನು ನೀಲಿ, ಗಂಟಲು ಕೆಂಪು, ಬಾಲ ಕತ್ತರಿಯ ಹಾಗೆ. ಚಳಿಗಾಲವೆಲ್ಲ ನಮ್ಮಲ್ಲಿ ಇದ್ದು, ಸಂಜೆಯಾದರೆ ಕೆರೆಯ ಆಚೆ ಬದಿಯ ಜೊಂಡಿಗೆ ಸಾವಿರಗಟ್ಟಲೆ ಬಂದು ಇಳಿದು, ಏಪ್ರಿಲ್ ಹೊತ್ತಿಗೆ ಒಂದೂ ಇಲ್ಲದ ಹಾಗೆ ಹೋಗಿಬಿಡುವವು. ಎಲ್ಲಿಗೆ?

"ನವೆಂಬರಿನಲ್ಲೇ ಹಾಕಬಹುದಲ್ಲ, ಆರಾಮದಲ್ಲಿ?" ಎಂದು ನಾನು ಕೇಳಿದ್ದೆ.

"ಹಾಕಬಹುದು. ಆದರೆ ಆಮೇಲೆ ನಾಲ್ಕು ತಿಂಗಳು ಅದು ಇಲ್ಲೇ ಸೊಳ್ಳೆ ಹಿಡಿದುಕೊಂಡು ತಿರುಗ್ತದೆ. ಮಾರ್ಚ್ ಕೊನೆಗೆ ಹಾಕಿದರೆ ಹಾಗಲ್ಲ ಟೀಚರ್. ನನ್ನ ಕೈ ಬಿಟ್ಟ ಮೇಲೆ ಅದು ನೋಡುವುದು ಬೇರೆ ದೇಶವನ್ನೇ."

ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ, ಹೊಟ್ಟೆಯ ಮೇಲೆ ಮೆಲ್ಲಗೆ ಊದುತ್ತಿದ್ದರು. ಗರಿ ಬೇರ್ಪಟ್ಟು ತೆಳು ಚರ್ಮ ಕಾಣಿಸುತ್ತಿತ್ತು. ಅದರಡಿಯಲ್ಲಿ ದೂರದ ಪ್ರಯಾಣಕ್ಕೆ ಕೂಡಿಟ್ಟ ಹಳದಿ ಕೊಬ್ಬು ಕಂಡರೆ, "ಇದು ಟಿಕೆಟ್ ತೆಗೆದದ್ದು, ಬರೆಯಿರಿ" ಎನ್ನುತ್ತಿದ್ದರು. ಕಾಣದಿದ್ದರೆ, "ಇದರ ಕೈಯಲ್ಲಿ ಇನ್ನೂ ಕಾಸಿಲ್ಲ." ನಾನು ಟಾರ್ಚಿನ ಬೆಳಕಿನಲ್ಲಿ ನಂಬರು, ರೆಕ್ಕೆಯ ಉದ್ದ, ಕೊಬ್ಬು ಎಲ್ಲ ರಿಜಿಸ್ಟರಿಗೆ ಏರಿಸುತ್ತಿದ್ದೆ. ಒಮ್ಮೆ ಸೊಳ್ಳೆಯ ಕಾಟಕ್ಕೆ ರೆಕ್ಕೆಯ ಉದ್ದ ಕೇಳಿಸಿಕೊಳ್ಳದೆ ಹಿಂದಿನದನ್ನೇ ನೋಡಿ ಅಂದಾಜಿಗೆ ಬರೆದೆ. ಹೇಗೋ ಗೊತ್ತಾಯಿತು. ಆ ಪುಟವನ್ನು ಹರಿದರು. ಜೋರು ಮಾಡಲಿಲ್ಲ. "ಅಂದಾಜಿಗೆ ಬರೆಯುವುದಾದರೆ ಹಕ್ಕಿಗೆ ಯಾಕೆ ಉಪದ್ರ ಕೊಡಬೇಕು ಟೀಚರ್? ಮನೆಯಲ್ಲಿ ಕೂತು ಬರೆಯುವ" ಅಂದರು. ನಾನು ಅತ್ತೆ. ಅವರು ಕೊಡೆ ಬಿಡಿಸಿ ನನ್ನ ಮುಖಕ್ಕೆ ಮರೆ ಹಿಡಿದು, ಬೇರೆ ಕಡೆ ನೋಡುತ್ತಾ ನಿಂತರು.

ಸ್ಟಾಫ್ ರೂಮಿನಲ್ಲಿ ಅವರಿಗೆ ರಕ್ಷಣೆ ಇರಲಿಲ್ಲ. "ನೂರಾರು ಹಕ್ಕಿಗಳಿಗೆ ಕಾಲುಂಗುರ ತೊಡಿಸಿದಿರಿ ಮಾರಾಯ್ರೆ, ಒಂದು ಹೆಣ್ಣಿಗೆ ತೊಡಿಸ್ಲಿಕ್ಕೆ ನಿಮ್ಮಿಂದ ಆಗಲಿಲ್ಲವಾ?" ಎಂದು ಕನ್ನಡ ಪಂಡಿತರು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು.

"ಹಕ್ಕಿಯಾದರೆ ತೊಡಿಸಿದ ಕೂಡಲೇ ಬಿಡಬಹುದು ಪಂಡಿತರೆ."

ಎಲ್ಲರೂ ನಗುತ್ತಿದ್ದರು. ಪಂಡಿತರು ನನ್ನ ಕಡೆ ಒಮ್ಮೆ ನೋಡಿ ಇನ್ನೂ ಸ್ವಲ್ಪ ಹೆಚ್ಚು ನಗುತ್ತಿದ್ದರು. ನಾನು ಕಾಂಪೋಸಿಷನ್ ತಿದ್ದುತ್ತಿದ್ದೆ.

ಇನ್ನು ಅವರ ತಾಯಿಯ ವಿಷಯ. ತಾಯಿಯನ್ನು ಬಿಟ್ಟು ಅವರನ್ನು ಹೇಳಲಿಕ್ಕೆ ಆಗುವುದಿಲ್ಲ.

ಎಪ್ಪತ್ತರ ಹತ್ತಿರದ ಹೆಂಗಸು. ಬಿಳಿ ಸೀರೆ. ಕೊಡದ ಬಾಯಿಗೆ ಎರಡು ಮಡಿಕೆ ಬಟ್ಟೆ ಕಟ್ಟಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಬಾವಿಗೇ ಬಿಡುವವರು, ಅದರಲ್ಲಿರುವ ಕಾಣದ ಜೀವ ಸಾಯಬಾರದೆಂದು. ಆ ಮನೆಗೆ ಮಗ ಬಲೆ ತಂದ. ಪಾರ್ಸೆಲ್ ಬಿಚ್ಚಿದ ದಿನವೇ ಆಕೆ ಹೇಳಿದರಂತೆ: "ನೀನು ಬಲೆ ಬಿಡುವ ವರೆಗೆ ನನಗೆ ಉಪ್ಪು ಬೇಡ."

ಅವರಲ್ಲಿ ಹಾಗೊಂದು ಪದ್ಧತಿ ಉಂಟು. ನಾಲಗೆಗೆ ಹಿತವಾದ ಒಂದನ್ನು ವ್ರತವಾಗಿ ಬಿಡುವುದು. ಬೇರೆಯವರು ತುಪ್ಪವನ್ನೋ ಬೆಲ್ಲವನ್ನೋ ಬಿಡುತ್ತಾರೆ, ನಾಲ್ಕು ದಿನಕ್ಕೆ, ಎಂಟು ದಿನಕ್ಕೆ. ಇವರು ಉಪ್ಪನ್ನೇ ಬಿಟ್ಟರು, ವ್ರತದ ಬೀಗದ ಕೈಯನ್ನು ಮಗನಿಗೇ ಕೊಟ್ಟು.

ಮಗನೂ ಅದೇ ಅಚ್ಚು. "ಒಂದು ಉಂಗುರ ತಿರುಗಿ ಬರಲಿ ಅಮ್ಮ. ರಷ್ಯದಿಂದ ಬೇಡ, ಪಕ್ಕದ ಊರಿನಿಂದ ಬಂದರೂ ಸಾಕು. ಹಾಕಿದ್ದು ಸುಮ್ಮನೆ ಅಲ್ಲ ಅಂತ ಗೊತ್ತಾದರೆ ಮರುದಿನವೇ ಬಲೆ ಸುಟ್ಟುಬಿಡ್ತೇನೆ" ಅಂದರು.

ಎರಡು ಪ್ರಾಮಿಸ್. ಒಂದು ಇನ್ನೊಂದರ ಕೊರಳು ಹಿಡಿದುಕೊಂಡಿತ್ತು. ನಡುವೆ ಒಂದು ಅಲ್ಯುಮಿನಿಯಮ್ ಚೂರು ಬರಬೇಕಿತ್ತು.

ಆ ಮನೆಯಲ್ಲಿ ನಾನು ಎಷ್ಟೋ ಸಲ ಉಪ್ಪಿಟ್ಟು ತಿಂದಿದ್ದೇನೆ. ಆಕೆ ರುಚಿ ನೋಡುವ ಹಾಗಿರಲಿಲ್ಲವಲ್ಲ, ಉಪ್ಪನ್ನು ಅಂದಾಜಿಗೆ ಹಾಕುತ್ತಿದ್ದರು. ಒಂದು ದಿನ ಸಪ್ಪೆ, ಒಂದು ದಿನ ಬಾಯಿಗಿಡಲಿಕ್ಕಾಗದಷ್ಟು ಉಪ್ಪು. "ಸರಿ ಉಂಟಾ ಮಗಾ?" ಎಂದು ನನ್ನನ್ನು ಕೇಳುತ್ತಿದ್ದರು. "ಫಸ್ಟ್ ಕ್ಲಾಸ್ ಅಮ್ಮ" ಎನ್ನುತ್ತಿದ್ದೆ. ಮಾಸ್ಟ್ರು ತಲೆ ತಗ್ಗಿಸಿ ತಿನ್ನುತ್ತಿದ್ದರು.

ಎರಡನೆಯ ವರ್ಷದಿಂದ ಆಕೆ ಕೆರೆಗೆ ಬರಲು ಶುರು ಮಾಡಿದರು. ಮಗ ಕೊಲ್ಲುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಆದರೆ ಬಲೆಯಲ್ಲಿ ಜೀವ ಒದ್ದಾಡುವುದನ್ನು ನೋಡಬಾರದು. ಅದಕ್ಕೆ ಕೆರೆಯ ದಂಡೆಯಲ್ಲಿ ಬಲೆಗೆ ಬೆನ್ನು ಹಾಕಿ, ಜಪಮಾಲೆ ಹಿಡಿದು ಕೂರುತ್ತಿದ್ದರು. ಪ್ರತಿ ಹಕ್ಕಿಯನ್ನು ಬಿಡುವಾಗಲೂ ಮಗ ಜೋರಾಗಿ "ಬಿಟ್ಟೆ ಅಮ್ಮ" ಎನ್ನಬೇಕು. ಆಗ ಆಕೆ ಒಂದು ಮಣಿ ಸರಿಸುತ್ತಿದ್ದರು. ಬಿಟ್ಟೆ ಅಮ್ಮ. ಬಿಟ್ಟೆ ಅಮ್ಮ. ಕತ್ತಲಾಗುತ್ತಿರುವ ಗದ್ದೆಬಯಲಿನಲ್ಲಿ ಆ ಒಂದೇ ಮಾತು. ದಾರಿಯಲ್ಲಿ ಹೋಗುವವರು ಇವರಿಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು.

ಒಮ್ಮೊಮ್ಮೆ ಆ ಮಾತು ಬರುತ್ತಿರಲಿಲ್ಲ. ಎಷ್ಟೇ ಜಾಗ್ರತೆ ಮಾಡಿದರೂ ಒಂದೊಂದು ಹಕ್ಕಿ ಕೈಯಲ್ಲೇ ಕತ್ತು ಚೆಲ್ಲಿಬಿಡುತ್ತಿತ್ತು. ಆಕೆಯ ಬೆರಳು ಮಣಿಯ ಮೇಲೆ ನಿಂತಲ್ಲೇ ನಿಲ್ಲುತ್ತಿತ್ತು. ಮರುದಿನ ಮಾಸ್ಟ್ರು ನೀರು ಕೂಡ ಮುಟ್ಟದೆ ಆರು ಪೀರಿಯಡ್ ಪಾಠ ಮಾಡುತ್ತಿದ್ದರು, ಒಂದು ಹಕ್ಕಿಗೆ ಒಂದು ದಿನದಂತೆ.

ನಾಲ್ಕನೆಯ ವರ್ಷ ಇರಬೇಕು. ಒಂದು ಸಂಜೆ ಆಕೆ ಬೆನ್ನು ತಿರುಗಿಸಿದಲ್ಲಿಂದಲೇ ಒಂದು ಕೈಯನ್ನು ಹಿಂದಕ್ಕೆ ಚಾಚಿದರು. ಮಾಸ್ಟ್ರು ನನ್ನ ಮುಖ ನೋಡಿದರು. ಆಮೇಲೆ ಉಂಗುರ ತೊಡಿಸಿದ್ದ ಹಕ್ಕಿಯನ್ನು ಆ ಕೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚಿದರು. ಆಕೆ ತುಸು ಹೊತ್ತು ಹಿಡಿದುಕೊಂಡಿದ್ದರು. "ಇದರ ಎದೆ ಇಷ್ಟು ಜೋರು ಹೊಡೆಯುತ್ತದಾ!" ಅಂದು ಕೈ ತೆರೆದರು. ಆ ದಿನ "ಬಿಟ್ಟೆ" ಎಂದು ಹೇಳಿದವರು ಆಕೆ.

ಅಲ್ಲಿಂದ ಮುಂದೆ ಮಗನಿಗಿಂತ ಹೆಚ್ಚು ಕಾದವರು ತಾಯಿ. ಮುಂಬಯಿಯಿಂದ ಬರುತ್ತಿದ್ದದ್ದು ಅಚ್ಚು ಮಾಡಿದ ಕಾರ್ಡು ಮಾತ್ರ: ರಿಸೀವ್ಡ್ ವಿದ್ ಥ್ಯಾಂಕ್ಸ್. ವರ್ಷಕ್ಕೊಂದು. ಪೋಸ್ಟ್‌ಮ್ಯಾನನ್ನು ಆಕೆ ಗೇಟಿನಲ್ಲೇ ತಡೆದು, "ಬಂತಾ?" ಎನ್ನುತ್ತಿದ್ದರು. "ಎಂತದ್ದಮ್ಮಾ?" ಎಂದು ಅವನು. "ನಿನಗೆ ಹೇಳಿದರೆ ಗೊತ್ತಾಗ್ಲಿಕ್ಕಿಲ್ಲ" ಎಂದು ಒಳಗೆ ಹೋಗುತ್ತಿದ್ದರು. ಕಾಲು ಸ್ವಲ್ಪ ಸೋತಿತ್ತು. ಮುಖ ಬಿಳಿಚಿತ್ತು. "ಸ್ವಲ್ಪ ಉಪ್ಪು ತೆಗೆದುಕೊಳ್ಳಬೇಕು" ಎಂದು ಡಾಕ್ಟರು ಹೇಳಿದ್ದರು. ಬಲೆ ಬಿಟ್ಟುಬಿಡುತ್ತೇನೆ ಎಂದು ಮಗ ಒಂದು ಸಲ ಬಾಯಿಬಿಟ್ಟು ಹೇಳಿದರಂತೆ. "ಈಗ ಬಿಟ್ಟರೆ ಸತ್ತ ಹಕ್ಕಿಗಳಿಗೆ ನಾನು ಏನು ಹೇಳಲಿ?" ಎಂದು ಆಕೆ ಕೇಳಿದರಂತೆ.

ಆರನೆಯ ವರ್ಷ. ನಾನು ವಾರದ ಕೊನೆಗೆ ಬಂಟ್ವಾಳಕ್ಕೆ ಬಂದಿದ್ದೆ. ನಮ್ಮ ಮನೆಯ ಎದುರಿಗೆ ಪೇಟೆಯಲ್ಲಿ ಕಾಳುಮೆಣಸಿನ ವ್ಯಾಪಾರದ ಒಬ್ಬ ಬ್ಯಾರಿ ಸಾಹುಕಾರರಿದ್ದರು. ಘಟ್ಟದ ಬುಡದ ಊರುಗಳಿಗೆಲ್ಲ ಹೋಗಿ ಸರಕು ತರುವವರು. ನನ್ನ ಹಕ್ಕಿಯ ಕೆಲಸ ಅವರಿಗೆ ದೊಡ್ಡ ತಮಾಷೆ. ಕ್ರಿಶ್ಚಿಯನ್ ಹೆಂಗಸರನ್ನೆಲ್ಲ ಕರೆಯುವ ಹಾಗೆ ನನ್ನನ್ನೂ ಬಾಯಮ್ಮ ಎನ್ನುತ್ತಿದ್ದರು.

"ಎಂತ ಬಾಯಮ್ಮ, ನಿಮ್ಮ ಮಾಸ್ಟ್ರ ಹಕ್ಕಿ ಕಾಗದ ಹಾಕಿತಾ?"

"ಇಲ್ಲ ಸಾಹುಕಾರ್ರೆ."

"ಹಾಕ್ಲಿಕ್ಕಿಲ್ಲ. ಅದರ ಕಾಲುಂಗುರ ನೆರಿಯದ ಭೂತಕ್ಕೆ ಹೋಗಿ ಆಗಿದೆ."

ತಮಾಷೆ ಎಂದುಕೊಂಡೆ. ಅಲ್ಲ. ನೆರಿಯದಲ್ಲಿ ಅವರು ಮೆಣಸು ಕೊಳ್ಳುವ ಒಂದು ಮನೆ. ಎರಡು ವರ್ಷದ ಹಿಂದೆ ಗಾಳಿಮಳೆ ಬಂದ ಮರುದಿನ ಅಂಗಳದಲ್ಲಿ ಸಣ್ಣ ಹಕ್ಕಿಯೊಂದು ಸತ್ತು ಬಿದ್ದಿತ್ತಂತೆ. ಕಾಲಿನಲ್ಲಿ ಬೆಳ್ಳಿಯ ಹಾಗೆ ಉಂಗುರ. ಮನೆಯವರು ಹೆದರಿ, ಅದನ್ನು ಬಿಡಿಸಿ ದೈವದ ಭಂಡಾರದ ಪೆಟ್ಟಿಗೆಯಲ್ಲಿ ಹಾಕಿದರಂತೆ.

ನಾನು ಮರುದಿನದ ಮೊದಲ ಬಸ್ಸಿಗೆ ಮೂಡುಬಿದಿರೆಗೆ ಓಡಿದೆ. ಪ್ರೇಯರ್ ಬೆಲ್ ಹೊಡೆದಿತ್ತು. ಲ್ಯಾಬಿನ ಬಾಗಿಲಲ್ಲಿ ನಿಂತು ಏದುಸಿರಿನಲ್ಲಿ ಹೇಳಿದೆ. ಅವರ ಕೈಯಲ್ಲಿದ್ದ ಗಾಜಿನ ಕೊಳವೆ ಕೆಳಗೆ ಬಿದ್ದು ಪುಡಿಯಾಯಿತು.

"ಗಂಟಲು ಕೆಂಪಿತ್ತಾ ಕೇಳಿದಿರಾ?"

"ಕೇಳಿದೆ. ಕೆಂಪಿತ್ತಂತೆ. ಬಾಲ ಕತ್ತರಿ."

ಅವರು ಸ್ಟೂಲಿನ ಮೇಲೆ ಕೂತರು. ಕೂತಲ್ಲಿಂದಲೇ ಹೇಳಿದರು: "ನನ್ನದಲ್ಲದಿದ್ದರೂ ಆಯಿತು ಟೀಚರ್. ಬೇರೆ ದೇಶದ್ದಾದರೆ ಇನ್ನೂ ಒಳ್ಳೆಯದು. ಅಲ್ಲಿ ಯಾರೋ ಒಬ್ಬ ನನ್ನ ಹಾಗೆ ಕಾಯ್ತಾ ಇರ್ತಾನೆ. ಅವನಿಗಾದರೂ ಬರೆಯುವ."

ಮುಂದಿನ ಭಾನುವಾರ ಸಾಹುಕಾರರನ್ನು ಮುಂದಿಟ್ಟುಕೊಂಡು ನಾವು ಹೋದೆವು. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಚಾರ್ಮಾಡಿಯ ಕಡೆಯ ಬಸ್ಸಿನಲ್ಲಿ ಹೋಗಿ, ಇಳಿದು ಕಾಡಿನಂಚಿನಲ್ಲಿ ಎರಡು ಗಂಟೆ ನಡಿಗೆ. ಮನೆಯ ಯಜಮಾನರು ಅರುವತ್ತರ ಗಂಭೀರ ಮನುಷ್ಯ. ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ವಿಷಯ ಕೇಳಿ, ತುಳುವಿನಲ್ಲಿ ನಿಧಾನವಾಗಿ ಹೇಳಿದರು:

"ಹಕ್ಕಿಗೆ ಉಂಗುರ ತೊಡಿಸಿ ಬಿಡಬೇಕಾದರೆ ಯಾರೋ ದೊಡ್ಡ ಹರಕೆ ಹೊತ್ತಿರಬೇಕು ಮಾಸ್ಟ್ರೆ. ಅದು ನಮ್ಮ ಅಂಗಳಕ್ಕೆ ಬಂದು ಬಿದ್ದಿತೆಂದರೆ ನಮ್ಮ ದೈವಕ್ಕೇ ಬಂದ ಹಾಗೆ. ಮನೆಯೊಳಗೆ ಇಟ್ಟುಕೊಳ್ಳಲಿಕ್ಕುಂಟಾ?"

"ಹರಕೆ ಹೌದು" ಅಂದರು ಮಾಸ್ಟ್ರು. "ನೀವು ಹೇಳಿದ್ದು ತಪ್ಪಲ್ಲ. ನನಗೆ ಅದು ಬೇಡ. ನಂಬರು ಒಂದು ನೋಡಿದರೆ ಸಾಕು."

"ಪೆಟ್ಟಿಗೆ ವರ್ಷಕ್ಕೊಮ್ಮೆ, ದೈವಕ್ಕೆ ನೇಮ ಕಟ್ಟುವ ದಿನ ಮಾತ್ರ ತೆರೆಯುವುದು. ನೇಮ ಹೋದ ವಾರ ಶನಿವಾರ ಮುಗಿಯಿತಲ್ಲ."

ಒಂದು ವಾರ. ಸಾಹುಕಾರರು ತಲೆಗೆ ಕೈ ಹೊತ್ತರು. "ಒಂದು ಸಲ ಮುಚ್ಚಳ ಎತ್ತಿದರೆ ಭೂತ ಎಂತ ಮಾಡ್ತದೆ ಗುರಿಕಾರ್ರೆ? ನಾನು ಬೇಕಾದರೆ ಕಣ್ಣು ಮುಚ್ಚುತ್ತೇನೆ" ಎಂದು ಹೇಳಿ ನೋಡಿದರು. ಯಜಮಾನರು ನಗಲಿಲ್ಲ. ಮಾಸ್ಟ್ರೇ ಎದ್ದರು. "ಬೇಡ. ಅವರ ಕ್ರಮ ಅವರಿಗೆ. ಬರುವ ವರ್ಷ ಬರುವ."

ಬರುವ ವರ್ಷ! ಬಸ್ಸಿನಲ್ಲಿ ನಾನು ಅತ್ತದ್ದು ಸಿಟ್ಟಿನಿಂದ. ಅವರು ಕಿಟಕಿಯಿಂದ ಆಕಾಶ ನೋಡುತ್ತಿದ್ದರು.

ತಾಯಿಗೆ ಎಲ್ಲ ಹೇಳಿದರು. "ಓದಿ ಬಾ" ಅಂದರು ಆಕೆ. "ಒಂದು ವರ್ಷ ತಾನೆ? ಆರು ಹೋಗಿದೆ." ಆ ವರ್ಷವಿಡೀ ಆ ಮನೆಯಲ್ಲಿ ಯಾವುದೋ ಶುಭಕಾರ್ಯ ಹತ್ತಿರವಾಗುತ್ತಿರುವ ಕಳೆ ಇತ್ತು. ಮೊದಲ ಉಪ್ಪಿನ ಗಂಜಿಗೆ ಎಂದು ಆಕೆ ಮಾವಿನ ಮಿಡಿಯ ಉಪ್ಪಿನಕಾಯಿಯನ್ನು ಒಂದು ಭರಣಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದಲ್ಲಿಟ್ಟರು.

ಮರುವರ್ಷ ಸುಗ್ಗಿ ತಿಂಗಳಿನಲ್ಲಿ ನೇಮದ ದಿನ ನಾವು ಮೂವರೂ ಮಧ್ಯಾಹ್ನವೇ ನೆರಿಯ ತಲುಪಿದೆವು. ಅಂಗಳಕ್ಕೆ ಚಪ್ಪರ ಹಾಕಿದ್ದರು. ಬಾವಿಕಟ್ಟೆಯ ಹತ್ತಿರ ಯಜಮಾನರ ತಮ್ಮ, ಬೆಳಗ್ಗಿನಿಂದ ಉಪವಾಸವಿದ್ದು, ಭಂಡಾರದ ಸಾಮಾನುಗಳನ್ನು ಮುಂದೆ ಹರಡಿಕೊಂಡು ಕೂತಿದ್ದರು. ಕಂಚಿನ ಗಂಟೆ, ಬೆಳ್ಳಿಯ ಕಡಗ, ದೀಪ. ಬದಿಯಲ್ಲಿ ಒಂದು ಮುದ್ದೆ ಹುಣಸೆಹುಳಿ, ಒಂದು ಹಿಡಿ ಬೂದಿ, ತೆಂಗಿನ ನಾರು. ನೇಮದ ದಿನ ದೈವದ್ದು ಯಾವುದೂ ಕಂದಿರಬಾರದು.

ಮಾಸ್ಟ್ರ ಹೆಜ್ಜೆ ನಿಂತಿತು. ನನಗೆ ಆಗ ಅರ್ಥವಾಗಲಿಲ್ಲ.

"ಬನ್ನಿ ಮಾಸ್ಟ್ರೆ, ನಿಮ್ಮದೇ ಕೆಲಸ ಆಗ್ತಾ ಉಂಟು" ಎಂದು ಆ ಮನುಷ್ಯ ಸಂತೋಷದಿಂದ ಕರೆದರು. ವೀಳ್ಯದೆಲೆಯೊಂದರ ಮೇಲೆ ಉಂಗುರವನ್ನಿಟ್ಟು ಎತ್ತಿ ತೋರಿಸಿದರು. ಬಿಸಿಲಿಗೆ ಅದು ಕಣ್ಣು ಕುಕ್ಕಿತು. "ಎಲ್ಲಕ್ಕಿಂತ ಕಷ್ಟ ಈ ಸಣ್ಣದರದ್ದೇ. ಇದರ ಮೇಲೆಲ್ಲ ಕಪ್ಪು ಕಪ್ಪು ಗೆರೆ ಕೂತಿತ್ತು. ಕಳೆದ ವರ್ಷ ತಿಕ್ಕಿ ತಿಕ್ಕಿ ಅರ್ಧ ತೆಗೆದಿದ್ದೆ. ಈ ಸಲ ನೀವು ನೋಡ್ಲಿಕ್ಕೆ ಬರ್ತೀರಿ ಅಂತ ಅಣ್ಣ ಹೇಳಿದ್ದಕ್ಕೆ, ಬೆಳಗ್ಗೆ ಪೆಟ್ಟಿಗೆ ತೆರೆದಲ್ಲಿಂದ ಇದನ್ನೇ ಹಿಡಿದು ಒಂದು ಗೆರೆಯೂ ಇಲ್ಲದ ಹಾಗೆ ಮಾಡಿದ್ದೇನೆ. ಮುಟ್ಟಬೇಡಿ, ನೋಡಿ."

ನಾವು ಬರುತ್ತೇವೆ ಎಂದು.

ಮಾಸ್ಟ್ರು ಕಿಸೆಯಿಂದ ಭೂತಗನ್ನಡಿ ತೆಗೆದರು. ಬಗ್ಗಿದರು. ಗಾಜನ್ನು ಹತ್ತಿರ ತಂದರು, ದೂರ ಹಿಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು. ಆಮೇಲೆ ಗಾಜನ್ನು ನನ್ನ ಕೈಗೆ ಕೊಟ್ಟು, "ಟೀಚರ್, ನಿಮ್ಮ ಕಣ್ಣು ಎಳೆಯದು. ನೀವು ಓದಿ. ನೀವು ಏನು ಓದಿದರೆ ಅದು" ಅಂದರು.

ನಾನು ನೋಡಿದೆ. ಬರೀ ಹೊಳಪು. ಒಂದು ಕಡೆ ಒಂದು ನೆರಳು, ಮೂರು ಇರಬಹುದು, ಎಂಟು ಇರಬಹುದು, ನನ್ನ ರೆಪ್ಪೆಯದ್ದೇ ಇರಬಹುದು.

"ಏನೂ ಇಲ್ಲ ಮಾಸ್ಟ್ರೆ."

"ಸರ್ತ ನೋಡಿ, ಸರಿಯಾಗಿ."

"ನೋಡಿದೆ. ಏನೂ ಇಲ್ಲ."

ಯಜಮಾನರು ಅಷ್ಟರಲ್ಲಿ ಬಂದಿದ್ದರು. ನಮ್ಮ ಮುಖ ನೋಡಿ ಅವರಿಗೆ ಏನೋ ಅಳುಕಾಯಿತು. "ಎಂತದಾದರೂ ತಪ್ಪಾಯಿತಾ ಮಾಸ್ಟ್ರೆ? ನಿಮ್ಮದೇನಾ ಇದು?"

ಮಾಸ್ಟ್ರು ಆ ತಮ್ಮನ ಕೈ ನೋಡಿದರು. ಹುಳಿಗೆ, ಬೂದಿಗೆ ಬೆರಳ ತುದಿಗಳು ಬಿರಿದು ಕೆಂಪಾಗಿದ್ದವು. "ಇಲ್ಲ" ಅಂದರು. "ದೈವದ್ದೇ. ತುಂಬ ಚಂದ ಬೆಳಗಿದ್ದೀರಿ."

ಸಾಹುಕಾರರು ದಾರಿಯಲ್ಲಿ ಒಂದು ತಮಾಷೆಯನ್ನೂ ಆಡಲಿಲ್ಲ. ಬೆಳ್ತಂಗಡಿಯಲ್ಲಿ ಬೇರೆಯಾಗುವಾಗ ಮಾಸ್ಟ್ರ ಹೆಗಲ ಮೇಲೆ ಕೈಯಿಟ್ಟು, ಬಂಟ್ವಾಳದ ಬಸ್ಸು ಹತ್ತಿದರು.

ತಾಯಿ ಜಗಲಿಯಲ್ಲಿ ಕೂತಿದ್ದರು. ಮಗ ಮೆಟ್ಟಲು ಹತ್ತುವ ಮೊದಲೇ, "ಓದಿದೆಯಾ?"

"ಅಳಿಸಿ ಹೋಗಿದೆ ಅಮ್ಮ. ಬೆಳಗುವಾಗ."

ಆಕೆ ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, "ಹಾಗಾದರೆ ನಾಳೆ ಬಲೆ ಕಟ್ಟು. ಹಕ್ಕಿ ಇನ್ನೂ ಹೋಗಲಿಲ್ಲ. ಹತ್ತು ದಿನವಾದರೂ ಉಂಟು."

ಬಲೆ ಹಾಕು ಎಂದು ಆಕೆಯ ಬಾಯಿಂದ!

"ಸಾಕು ಅಮ್ಮ. ಇನ್ನು ಆಗುವುದಿಲ್ಲ. ಬಲೆ ಬಿಟ್ಟುಬಿಟ್ಟೆ. ನೀವು ಉಪ್ಪು ಹಾಕಿಕೊಳ್ಳಿ."

"ನೀನು ಬಿಟ್ಟದ್ದಲ್ಲ, ಸೋತದ್ದು" ಅಂದರು ಆಕೆ. ಸಿಟ್ಟಿರಲಿಲ್ಲ. "ಮಗ ಸೋತ ಅಂತ ನಾನು ಉಪ್ಪು ತಿನ್ನಬೇಕಾ?"

ಎರಡೂವರೆ ವರ್ಷ ಬದುಕಿದರು. ತಿನ್ನಲಿಲ್ಲ. ಕೊನೆಯ ದಿನಗಳಲ್ಲಿ ನಾನೇ ಗಂಜಿ ಕುಡಿಸಲು ಹೋಗಿ, ಚಮಚದ ತುದಿಗೆ ಒಂದು ಕಲ್ಲುಪ್ಪು ತಾಗಿಸಿದೆ, ಗೊತ್ತಾಗಲಿಕ್ಕಿಲ್ಲ ಎಂದುಕೊಂಡು. ತುಟಿ ಮುಚ್ಚಿಕೊಂಡು ನನ್ನನ್ನು ನೋಡಿದರು. ಆ ನೋಟ ಈಗಲೂ ಇದೆ.

ಮಾಸ್ಟ್ರು ಉಳಿದ ಉಂಗುರಗಳನ್ನು ಮುಂಬಯಿಗೆ ವಾಪಸ್ ಕಳಿಸಿದರು. ಆ ಲೆಟರನ್ನೂ ನಾನೇ ಬರೆದೆ. ರಿಸೀವ್ಡ್ ವಿದ್ ಥ್ಯಾಂಕ್ಸ್ ಎಂದು ಕಾರ್ಡು ಬಂತು. ರಿಟೈರ್ ಆಗುವ ತನಕ ಪಾಠ ಮಾಡಿದರು. ಹೊರಗೆ ಯಾವ ಹಕ್ಕಿ ಕೂಗಿದರೂ ಅವರ ಧ್ವನಿ ಪಕ್ಕದ ಕ್ಲಾಸಿನಿಂದ ಎಡೆಬಿಡದೆ ಕೇಳುತ್ತಿತ್ತು. ನಾನು ಕಾದು ಕಾದು ಆಮೇಲೆ ಕಾಯುವುದನ್ನು ಬಿಟ್ಟೆ. ನನ್ನ ಮೇಲೆ ಅವರು ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

ಯಾಕೆಂದರೆ ಅವರು ಹಾಕಿದ ಅಷ್ಟೂ ಉಂಗುರದ ನಂಬರುಗಳು ನನ್ನದೇ ಹ್ಯಾಂಡ್‌ರೈಟಿಂಗಿನಲ್ಲಿದ್ದವು. ಎಷ್ಟೋ ನನಗೆ ಬಾಯಿಪಾಠ. ಆ ಬಾವಿಕಟ್ಟೆಯ ಹತ್ತಿರ ಗಾಜು ಹಿಡಿದು ಬಗ್ಗಿದಾಗ ಅವುಗಳಲ್ಲಿ ಯಾವುದಾದರೂ ಒಂದನ್ನು ಹೇಳಿದ್ದರೆ ಸಾಕಿತ್ತು. ಅವರು ನಂಬುತ್ತಿದ್ದರು. ಪಕ್ಕದ ಊರಿನಿಂದ ಬಂದರೂ ಸಾಕು ಅಂದವರು. ಬಲೆ ಅವತ್ತೇ ಒಲೆಗೆ ಹೋಗುತ್ತಿತ್ತು, ಅಟ್ಟದ ಭರಣಿ ಕೆಳಗೆ ಇಳಿಯುತ್ತಿತ್ತು. ಮಾಸ್ಟ್ರ ಮಾತು ನಿಜವಾಗುತ್ತಿತ್ತು, ಅಮ್ಮ ಉಪ್ಪು ತಿನ್ನುತ್ತಿದ್ದರು. ನಾನು ಓದಿದ್ದೇ ಸರಿ ಎಂದು ಅವರೇ ಹೇಳಿ ಗಾಜು ಕೊಟ್ಟಿದ್ದರು. ಬೇಕೆಂದೇ ಕೊಟ್ಟರಾ? ಗೊತ್ತಿಲ್ಲ. ಅದನ್ನು ಕೇಳುವ ಧೈರ್ಯ ನಲವತ್ತು ವರ್ಷದಲ್ಲಿ ನನಗೆ ಬರಲಿಲ್ಲ. ಈಗ ಕೇಳಲು ಅವರಿಲ್ಲ.

ಮಾಸ್ಟ್ರ ಅಮ್ಮ ತೀರಿಕೊಂಡ ವಾರವೇ ನಾನು ಇಗರ್ಜಿಗೆ ಹೋಗಿ ಕನ್ಫೆಶನ್ನಿನಲ್ಲಿ ಎಲ್ಲವನ್ನೂ ಹೇಳಿದೆ. ಜಾಲರಿಯ ಆಚೆ ಫಾದರ್ ಪೂರ್ತಿ ಕೇಳಿದರು. "ನೀನು ಕಂಡದ್ದನ್ನು ಕಂಡ ಹಾಗೆ ಹೇಳಿದ್ದೀ. ಅದರಲ್ಲಿ ಪಾಪ ಎಲ್ಲುಂಟು ಮಗಳೇ?" ಅಂದರು. ಪಾಪ ಇಲ್ಲದ ಮೇಲೆ ಕ್ಷಮೆಯೂ ಇಲ್ಲ. ಪ್ರಾಯಶ್ಚಿತ್ತಕ್ಕೆ ಒಂದು ಪ್ರೇಯರ್ ಕೂಡ ಹೇಳದೆ ನನ್ನನ್ನು ಹಾಗೇ ಮನೆಗೆ ಕಳಿಸಿದರು.